ಗದ್ದಣ್ಣ ಬಾಯಿ ಕಟ್ಟಿಕೊಂಡ ಐದು ವಾರ

ಬಸ್ ನಿಲ್ದಾಣದ ಎದುರು ಸಾಲಿನಲ್ಲಿ, ಔಷಧಿ ಅಂಗಡಿಗೂ ಚಪ್ಪಲಿ ಅಂಗಡಿಗೂ ನಡುವೆ ಒತ್ತಿಕೊಂಡು ಒಂದು ಫೋಟೋ ಸ್ಟುಡಿಯೋ ಇತ್ತು. ಅದರ ಮಾಲೀಕನನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎಲ್ಲರಿಗೂ ಅವನು ಗದ್ದಣ್ಣ. "ಗದ್ದ ಸ್ವಲ್ಪ ಮೇಲೆ, ಅಷ್ಟು ಬೇಡ, ಗದ್ದ ನನ್ನ ಕಡೆ" ಎಂದು ಇಪ್ಪತ್ತಾರು ವರ್ಷ ಹೇಳುತ್ತ ಬಂದವನಿಗೆ ಬೇರೆ ಹೆಸರು ಅಂಟುವುದಾದರೂ ಹೇಗೆ? ಬಾಯಲ್ಲಿ ಹೇಳಿದ್ದು ಸಾಲದೆ ಎದ್ದು ಬಂದು, ಎರಡು ಬೆರಳಲ್ಲಿ ಗಿರಾಕಿಯ ಗದ್ದ ಹಿಡಿದು, ನಲ್ಲಿ ತಿರುಗಿಸಿದ ಹಾಗೆ ತಿರುಗಿಸಿ ಹೋಗುತ್ತಿದ್ದ. ಪಾಸ್‌ಪೋರ್ಟ್ ಫೋಟೋಗೆ ಬಂದವರಿಗೆ ಫೋಟೋದ ಜೊತೆಗೆ ಪಕ್ಕದ ಬೀದಿಯ ನಾಲ್ಕು ಸುದ್ದಿಯೂ ಸಿಗುತ್ತಿತ್ತು. ಹೊಟ್ಟೆಯಲ್ಲಿ ಒಂದು ಮಾತು ನಿಲ್ಲುವುದು ಅವನ ಜಾತಕದಲ್ಲೇ ಇರಲಿಲ್ಲ. ಒಮ್ಮೆ ಹೆಂಡತಿಗೆ ಹೇಳದೆ ಅವಳ ಹುಟ್ಟುಹಬ್ಬಕ್ಕೊಂದು ಕೈಗಡಿಯಾರ ಕೊಂಡ. ಕೊಂಡ ಅಂಗಡಿಯ ಬಾಗಿಲಲ್ಲೇ ನಿಂತು ಅವಳಿಗೆ ಫೋನ್ ಮಾಡಿ, "ನಿನಗೆ ಗೊತ್ತಾಗಬಾರದು ಅಂತ ಒಂದು ಗಡಿಯಾರ ತಗೊಂಡಿದ್ದೀನಿ" ಎಂದಿದ್ದ.

ಇಂಥವನ ಹತ್ತಿರ ಅವನ ತಂಗಿ ಒಂದು ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ ಬಂದಳು.

ಅಣ್ಣನಿಗಿಂತ ಹದಿನೇಳು ವರ್ಷ ಚಿಕ್ಕವಳು. ಅಪ್ಪ ಅಮ್ಮ ಹೋದ ಮೇಲೆ ಶಾಲೆಯ ಫೀಸಿನಿಂದ ಹಿಡಿದು ತಲೆಯ ಹೇನಿನವರೆಗೆ ಅವಳ ಎಲ್ಲ ಉಸಾಬರಿ ನೋಡಿಕೊಂಡವನು ಅವನೇ. ಈಗ ಅವಳು ಹಲ್ಲುಸೆಟ್ಟು ಮಾಡುವ ಲ್ಯಾಬೊಂದರಲ್ಲಿ ಕೆಲಸಕ್ಕಿದ್ದಳು. ಮೇಣದಲ್ಲಿ ದವಡೆ ಕೆತ್ತುವುದರಲ್ಲಿ ಅವಳ ಕೈಗೆ ಸಾಟಿ ಇರಲಿಲ್ಲ. ಊರಿನ ಎಷ್ಟೋ ಮುದುಕರು ನಕ್ಕರೆ ಕಾಣುತ್ತಿದ್ದದ್ದು ಅವಳ ಕೈಕೆಲಸ.

ಬಂದವಳು ಬಾಗಿಲಿಗೆ ನೇತುಹಾಕಿದ್ದ ಹಲಗೆಯನ್ನು ತಾನೇ 'ಮುಚ್ಚಿದೆ' ಕಡೆಗೆ ತಿರುಗಿಸಿ, ಗಿರಾಕಿಗಳು ಕೂರುವ ಸ್ಟೂಲಿನ ಮೇಲೆ ಕೂತಳು.

"ಅಣ್ಣ, ಒಂದು ವಿಷಯ ಹೇಳ್ಬೇಕು. ಮುಗಿಯೋ ತನಕ ನಡುವೆ ಬಾಯಿ ಹಾಕ್ಬೇಡ."

"ನಾನ್ಯಾಕೆ ಬಾಯಿ ಹಾಕ್ಲಿ? ಯಾವಾಗ ಹಾಕಿದ್ದೀನಿ? ಹೋದ ಸಲ ನೀನು..."

"ಅಣ್ಣ."

ಅವಳು ಹೇಳಿದಳು. ಮನೆಯಲ್ಲಿ ಹತ್ತು ಸಲ ಹೇಳಿ ನೋಡಿಕೊಂಡು ಬಂದವಳಂತೆ, ಗೋಡೆಯ ಮೇಲಿನ ನೀಲಿ ಪರದೆ ನೋಡುತ್ತ, ನಾಲ್ಕೈದು ವಾಕ್ಯದಲ್ಲಿ ಹೇಳಿದಳು. ಹೋದ ಶುಕ್ರವಾರ ಎಲ್ಲರೂ ಊಟಕ್ಕೆ ಹೋಗಿದ್ದಾಗ ಲ್ಯಾಬಿನ ಹಿಂದಿನ ಕೋಣೆಯಲ್ಲಿ ಸೂಪರ್‌ವೈಸರ್ ಬಾಗಿಲು ಹಾಕಿದ. ಅವಳು ಬೇಡ ಅಂದಳು. ಅವನು ಬಿಡಲಿಲ್ಲ, ಅತ್ಯಾಚಾರ ಮಾಡಿದ. ಕೂಗಬೇಕೆಂದರೂ ದನಿ ಹೊರಡಲಿಲ್ಲ. ಮಾರನೇ ದಿನ ಆಸ್ಪತ್ರೆಗೆ ಹೋಗಿದ್ದಳು. ಲೇಡಿ ಡಾಕ್ಟರು ನೋಡಿ ಎಲ್ಲ ಬರೆದಿಟ್ಟುಕೊಂಡಿದ್ದಾರೆ.

ಆಮೇಲೆ ಗದ್ದಣ್ಣನ ಬಾಯಿಂದ ಬಂದ ಮಾತುಗಳಲ್ಲಿ ಒಂದೂ ಸರಿಯಾದದ್ದಿರಲಿಲ್ಲ. ಮೊದಲು, "ಅವನನ್ನ ಸಿಗಿದು ಹಾಕ್ತೀನಿ" ಎಂದ. ಅದರ ಬೆನ್ನಿಗೇ, "ಆ ಕೋಣೆಗೆ ನೀನು ಒಬ್ಬಳೇ ಯಾಕೆ ಹೋದೆ?" ಎಂದ. ಹೇಳಿದ ಮರುಕ್ಷಣವೇ ಆ ಮಾತನ್ನು ಹಿಡಿದು ವಾಪಸ್ ಬಾಯಿಗೆ ತುರುಕಿಕೊಳ್ಳಬೇಕೆನ್ನಿಸಿತು. ತಂಗಿ ಎದ್ದು ಚೀಲ ಹೆಗಲಿಗೇರಿಸಿದ್ದಳು.

"ಅಲ್ಲಿ ನನ್ನ ಮೇಜು ಇದೆ ಅಣ್ಣ. ನನ್ನ ಕೆಲಸ ಅಲ್ಲೇ ಇರೋದು. ನಾನು ಇಲ್ಲಿಗೆ ಬರಬಾರದಿತ್ತು."

"ಹೋಗ್ಬೇಡ ಮರಿ. ತಪ್ಪಾಯ್ತು. ನಾನು ಕತ್ತೆ."

"ನಾನು ಹೇಳಿದ್ದನ್ನ ನಂಬ್ತೀಯಾ?"

"ನಂಬ್ತೀನಿ."

ಅವನ ಜನ್ಮದಲ್ಲಿ ಅವನು ಆಡಿದ ಅತಿ ಚಿಕ್ಕ ಮಾತು ಅದೇ ಇರಬೇಕು. ಅವಳ ಕೈ ಚೀಲದ ಪಟ್ಟಿಯನ್ನು ಬಿಟ್ಟಿತು. ಇಷ್ಟಾದ ಮೇಲಾದರೂ ತೆಪ್ಪಗಿರಬಹುದಿತ್ತು. ಆದರೆ ತಂಗಿ ತಲೆ ತಗ್ಗಿಸಿದ್ದು ಕಂಡು, ಇಪ್ಪತ್ತಾರು ವರ್ಷದ ಅಭ್ಯಾಸ, ಅವನ ಎರಡು ಬೆರಳು ಅವಳ ಗದ್ದದ ಕಡೆಗೆ ಹೋದವು. ಅವಳು ಬೆಂಕಿ ತಾಕಿದವಳಂತೆ ಹಿಂದಕ್ಕೆ ಹಾರಿದಳು. ಸ್ಟೂಲು ಉರುಳಿತು, ಉರುಳಿದ ಸ್ಟೂಲು ಲೈಟಿನ ಕಂಬಕ್ಕೆ ಬಡಿಯಿತು, ಕಂಬದ ತುದಿಯ ಬಿಳಿ ಛತ್ರಿ ಗದ್ದಣ್ಣನ ತಲೆಯ ಮೇಲೆ ಬೋರಲಾಗಿ ಬಿದ್ದು ಭುಜದವರೆಗೆ ಮುಚ್ಚಿಕೊಂಡಿತು. ಬೇರೆ ದಿನವಾಗಿದ್ದರೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವತ್ತು ಛತ್ರಿಯ ಒಳಗೆ ಒಬ್ಬ ಅಳುತ್ತಿದ್ದ, ಹೊರಗೆ ಒಬ್ಬಳು ನಡುಗುತ್ತಿದ್ದಳು.

"ಅಣ್ಣ," ಎಂದಳು ಸ್ವಲ್ಪ ಹೊತ್ತಿನ ಮೇಲೆ, "ನಾನು ಹೇಳೋ ತನಕ ಯಾರಿಗೂ ಹೇಳ್ಬೇಡ. ಅತ್ತಿಗೆಗೂ. ಅವನ ಹತ್ರ ಹೋಗಬೇಡ. ಮುಂದೇನು ಮಾಡ್ತೀಯಾ ಅಂತ ನನ್ನನ್ನ ಕೇಳ್ತಾ ಇರಬೇಡ. ಆಗುತ್ತಾ?"

"ಆಗುತ್ತೆ," ಎಂದಿತು ಛತ್ರಿ.

*

ಅವತ್ತೇ ಸಂಜೆ ತಂಗಿ ಎರಡು ಚೀಲ ಹಿಡಿದು ಅಣ್ಣನ ಮನೆಗೆ ಬಂದಳು. ತನ್ನ ಬಾಡಿಗೆ ಮನೆಯಲ್ಲಿ ನೀರಿನ ಪೈಪ್ ಒಡೆದಿದೆ ಎಂದಳು. ಲ್ಯಾಬಿಗೆ ರಜೆ ಬರೆದು ಕಳಿಸಿದಳು. ಗದ್ದಣ್ಣನ ಹೆಂಡತಿ ಶಾಲೆಯಲ್ಲಿ ಗಣಿತದ ಮೇಡಂ. ಮೂವತ್ತು ಮಕ್ಕಳ ಕ್ಲಾಸಿನಲ್ಲಿ ಯಾರು ಯಾರ ಉತ್ತರ ನಕಲು ಮಾಡಿದ್ದಾರೆಂದು ಬಾಗಿಲಲ್ಲೇ ಹೇಳಬಲ್ಲಾಕೆ. ಅವಳ ಮುಂದೆ ಒಂದು ಗುಟ್ಟನ್ನು ಕಾಯುವುದೆಂದರೆ ಗದ್ದಣ್ಣನಿಗೆ ಬರಿಗೈಯಲ್ಲಿ ಬಿಸಿ ಪಾತ್ರೆ ಹಿಡಿದು ನಿಂತಂತೆ.

ಅವನು ಉಪಾಯ ಹುಡುಕಿದ. ಜೇಬಿನ ತುಂಬ ಪೆಪ್ಪರ್‌ಮಿಂಟ್ ಇಟ್ಟುಕೊಂಡ. ಮಾತು ತುಟಿಗೆ ಬಂದಾಗಲೆಲ್ಲ ಒಂದು ಬಾಯಿಗೆ ಹಾಕುವುದು. ಮೊದಲ ದಿನಕ್ಕೇ ಇಪ್ಪತ್ತೆರಡು ಖರ್ಚಾದವು. ಊಟದ ಹೊತ್ತಿಗೆ ಬಾಯಿ ತುಂಬ ತುತ್ತು ತುಂಬಿಕೊಂಡು ತಲೆಯಾಡಿಸುತ್ತ ಕೂತ. ಪಾತ್ರೆ ತೊಳೆಯುವಾಗ ಹೆಂಡತಿ ಪಕ್ಕ ಬಂದು ನಿಂತರೆ ನಲ್ಲಿ ಜೋರಾಗಿ ತಿರುಗಿಸಿದ. ಮದುವೆಯಾಗಿ ಹತ್ತೊಂಬತ್ತು ವರ್ಷದಲ್ಲಿ ಅವನು ಪಾತ್ರೆ ತೊಳೆದದ್ದೂ ಅದೇ ಮೊದಲು. ಮೇಡಮ್ಮನಿಗೆ ಗಾಬರಿಯಾಯಿತು.

ಗಿರಾಕಿಗಳಿಗೂ ಗಾಬರಿಯಾಯಿತು. ಸ್ಟುಡಿಯೋದಲ್ಲಿ ಮೊದಲ ಬಾರಿಗೆ ಗೋಡೆ ಗಡಿಯಾರದ ಸದ್ದು ಕೇಳತೊಡಗಿತು. ಚಪ್ಪಲಿ ಅಂಗಡಿಯವನು ಗದ್ದಣ್ಣ ಯಾವುದೋ ಮೌನವ್ರತ ಹಿಡಿದಿದ್ದಾನೆ ಎಂದು ಹಬ್ಬಿಸಿದ. ಔಷಧಿ ಅಂಗಡಿಯಾತ, ಪೆಪ್ಪರ್‌ಮಿಂಟ್ ಮಾರಿದವನೇ ತಾನಾದ್ದರಿಂದ, ಗಂಟಲಿನಲ್ಲಿ ಏನೋ ಗಡ್ಡೆ ಎಂದು ನಿರ್ಧರಿಸಿದ. ಈ ಎರಡನೆಯ ಸುದ್ದಿ ಮೇಡಂ ಕಿವಿಗೆ ಬಿದ್ದದ್ದೇ ತಡ, ಗಂಡನನ್ನು ಕಿವಿ ಮೂಗು ಗಂಟಲಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು.

ಡಾಕ್ಟರು ಕನ್ನಡಿ ಹಾಕಿ ನೋಡಿದರು, ಟಾರ್ಚು ಬಿಟ್ಟು ನೋಡಿದರು, ಮೂಗಿನಿಂದ ನಳಿಗೆ ಇಳಿಸಿ ನೋಡಿದರು.

"ಗಂಟಲು ಚೆನ್ನಾಗಿದೆಯಲ್ಲ. ಪುಟ್ಟ ಮಗುವಿನ ಗಂಟಲಿದ್ದ ಹಾಗಿದೆ."

"ಹಾಗಾದ್ರೆ ಇವರ ಮಾತು ಎಲ್ಲಿ ಹೋಯ್ತು ಡಾಕ್ಟ್ರೇ?"

"ಎಷ್ಟು ದಿನದಿಂದ ಹೀಗೆ?"

"ಒಂಬತ್ತು ದಿನ."

ಡಾಕ್ಟರಿಗೂ ಮದುವೆಯಾಗಿತ್ತು. ಗದ್ದಣ್ಣನ ಕಡೆ ಒಮ್ಮೆ ನೋಡಿ, "ಏನ್ರೀ, ಏನಾದ್ರೂ ತಪ್ಪು ಮಾಡಿದ್ದೀರಾ?" ಎಂದರು.

ಮನೆಗೆ ಬರುವ ದಾರಿಯುದ್ದಕ್ಕೂ ಮೇಡಂ ಮುಖ ಗಂಟು ಹಾಕಿಕೊಂಡಿದ್ದಳು. ಒಳಗೆ ಬಂದವಳೇ ಚೀಲ ಮೇಜಿನ ಮೇಲೆ ಕುಕ್ಕಿದಳು. "ಯಾರು ಅವಳು?" ಎಂದಳು.

ಗದ್ದಣ್ಣ ಎರಡು ಪೆಪ್ಪರ್‌ಮಿಂಟ್ ಒಟ್ಟಿಗೇ ಬಾಯಿಗೆ ಹಾಕಿಕೊಂಡ. ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು, ಉತ್ತರ ಬರಲಿಲ್ಲ. ಹತ್ತೊಂಬತ್ತು ವರ್ಷದ ಸಂಸಾರ ಒಂದು ಕಡೆ, ಛತ್ರಿಯ ಒಳಗಿಂದ ಕೊಟ್ಟ ಮಾತು ಒಂದು ಕಡೆ. ಅವನು ಮಾತಿನ ಕಡೆಗೇ ನಿಂತ. ಅಷ್ಟರಲ್ಲಿ ಕೋಣೆಯ ಬಾಗಿಲು ತೆರೆದುಕೊಂಡು ತಂಗಿ ಬಂದು, "ಅತ್ತಿಗೆ, ಅವಳು ಇವಳು ಯಾರೂ ಇಲ್ಲ. ಪೈಪೂ ಒಡೆದಿಲ್ಲ. ಬನ್ನಿ, ನಾನೇ ಹೇಳ್ತೀನಿ" ಎಂದು ಅವಳನ್ನು ಒಳಗೆ ಕರೆದುಕೊಂಡು ಹೋದಳು.

ಮುಕ್ಕಾಲು ಗಂಟೆಯಾದ ಮೇಲೆ ಮೇಡಂ ಹೊರಗೆ ಬಂದಳು. ಕಣ್ಣು ಕೆಂಪಾಗಿತ್ತು. ಗಂಡನ ಎದುರು ಕೂತು, ಉತ್ತರ ಸರಿ ಬಂದರೂ ದಾರಿ ಅರ್ಥವಾಗದ ಲೆಕ್ಕವನ್ನು ನೋಡುವಂತೆ ಅವನನ್ನು ಬಹಳ ಹೊತ್ತು ನೋಡಿದಳು.

"ಒಂಬತ್ತು ದಿನ, ರೀ? ನೀವು?"

"ಹೇಳ್ಬೇಡ ಅಂದಿದ್ಲು."

"ನಾನು ಅಷ್ಟು ಕೇಳಿದ್ರೂ?"

"ಹೇಳ್ಬೇಡ ಅಂದಿದ್ಲು ಕಣೇ."

ಮೇಡಂ ಎದ್ದು ಹೋಗಿ ಅವನಿಗೆ ಚಹಾ ಮಾಡಿ ತಂದಳು. ಸಕ್ಕರೆ ಎಂದಿಗಿಂತ ಜಾಸ್ತಿ ಇತ್ತು.

*

ಮಾತು ನಿಲ್ಲಿಸುವುದು ಕಲಿತದ್ದಾಯಿತು, ಆದರೆ ಸುಮ್ಮನಿದ್ದರೆ ಸಾಕೇ? ತಂಗಿ ಕೆಲವು ದಿನ ಕೋಣೆ ಬಿಟ್ಟು ಬರುತ್ತಿರಲಿಲ್ಲ. ಕೆಲವು ದಿನ ಇದ್ದಕ್ಕಿದ್ದಂತೆ ಕಪಾಟುಗಳನ್ನೆಲ್ಲ ಖಾಲಿ ಮಾಡಿ ಒರೆಸುತ್ತಿದ್ದಳು. ಗದ್ದಣ್ಣನಿಗೆ ಏನು ಮಾಡಬೇಕೋ ತೋಚಲಿಲ್ಲ. ಆಸ್ಪತ್ರೆಯವರು ಅವಳಿಗೆ ಕೊಟ್ಟ ಚೀಟಿಯಲ್ಲಿ ಸಹಾಯವಾಣಿಯ ನಂಬರಿತ್ತು; ಮನೆಯವರೂ ಕರೆ ಮಾಡಬಹುದು ಎಂದು ಕೆಳಗೆ ಬರೆದಿತ್ತು. ತಂಗಿಯನ್ನು ಕೇಳಿ, ಅವಳು ಹೂಂ ಅಂದ ಮೇಲೆ, ಸ್ಟುಡಿಯೋದ ಹಿಂದಿನ ಕತ್ತಲೆ ಕೋಣೆಯಲ್ಲಿ ಕೂತು ಫೋನ್ ಮಾಡಿದ.

ಆ ಕಡೆಯಿಂದ ಒಬ್ಬ ಹೆಂಗಸು ಮೆತ್ತಗೆ, "ಹೇಳಿ, ಕೇಳಿಸ್ಕೊಳ್ತಾ ಇದ್ದೀನಿ" ಎಂದಳು. ಅಷ್ಟೇ ಸಾಕಾಯಿತು. ಹದಿಮೂರು ದಿನದಿಂದ ಕಟ್ಟಿಟ್ಟದ್ದೆಲ್ಲ ಕಟ್ಟೆ ಒಡೆದಂತೆ ಹರಿಯಿತು. ನಲವತ್ತು ನಿಮಿಷ. ನಡುನಡುವೆ ಆಕೆ "ಹೌದಾ", "ಅಯ್ಯೋ", "ಪೆಪ್ಪರ್‌ಮಿಂಟಾ?" ಎನ್ನುತ್ತಿದ್ದಳು. ಕೊನೆಗೆ ಉಸಿರು ತೆಗೆದುಕೊಳ್ಳಲು ಅವನು ನಿಂತಾಗ ಆಕೆ ಸಂದು ನೋಡಿಕೊಂಡು ಹೇಳಿದಳು:

"ನೀವು ನಂಬಿದ್ರಲ್ಲ, ಅದೇ ದೊಡ್ಡದು. ಇನ್ನು ಏನು ಮಾಡಬೇಕು ಅನ್ನೋದನ್ನ ಅವರೇ ತೀರ್ಮಾನ ಮಾಡ್ಲಿ, ನೀವು ಜೊತೆಗಿರಿ. ಕೆಲವು ದಿನ ಚೆನ್ನಾಗಿರ್ತಾರೆ, ಕೆಲವು ದಿನ ಇರಲ್ಲ. ಅದಕ್ಕೆ ಗಾಬರಿಯಾಗಬೇಡಿ. ಮುಟ್ಟೋ ಮೊದಲು ಕೇಳಿ, ಭುಜ ತಟ್ಟೋದಾದ್ರೂ ಅಷ್ಟೇ."

"ಕೇಳೋದಾ? ಹೇಗೆ ಕೇಳೋದು?"

"'ಮುಟ್ಲಾ' ಅಂತ ಕೇಳಿ ಸರ್. ಅಷ್ಟೇ."

ಗದ್ದಣ್ಣನಿಗೆ ಅದು ಬಾಯಿಗೆ ಹತ್ತದ ಮಾತು. ಅಭ್ಯಾಸವಾಗಲಿ ಎಂದು ಗಿರಾಕಿಗಳ ಮೇಲೆ ಪ್ರಯೋಗ ಶುರು ಮಾಡಿದ. ಮರುದಿನ ಬೆಳಿಗ್ಗೆ ಮೊದಲು ಬಂದವರು ನಿವೃತ್ತ ಬ್ಯಾಂಕ್ ಮ್ಯಾನೇಜರು. ಗದ್ದಣ್ಣ ಎರಡು ಬೆರಳು ಗಾಳಿಯಲ್ಲಿ ಹಿಡಿದು, "ಸಾರ್, ಗದ್ದ ಮುಟ್ಲಾ?" ಎಂದ.

ಮ್ಯಾನೇಜರು ಕನ್ನಡಕ ತೆಗೆದು ಅವನನ್ನು ನೋಡಿದರು. "ಯಾಕಪ್ಪಾ, ಗದ್ದಕ್ಕೇನಾಗಿದೆ?"

"ಏನೂ ಆಗಿಲ್ಲ ಸಾರ್. ಸ್ವಲ್ಪ ಎತ್ತಬೇಕು. ಮುಟ್ಲಾ ಅಂತ."

"ಇಷ್ಟು ವರ್ಷದಲ್ಲಿ ಈ ಗದ್ದಕ್ಕೆ ಇಂಥ ಮರ್ಯಾದೆ ಯಾರೂ ಕೊಟ್ಟಿರಲಿಲ್ಲ. ಮುಟ್ಟು."

ಎಲ್ಲರೂ ಹೀಗೆ ಉದಾರಿಗಳಾಗಿರಲಿಲ್ಲ. ಮದುವೆ ಗೊತ್ತಾದ ಹುಡುಗಿಯೊಬ್ಬಳು, "ಬೇಡ, ನಾನೇ ಎತ್ತುತ್ತೀನಿ" ಎಂದು ತಾನೇ ಮುಖ ತಿರುಗಿಸಿಕೊಂಡಳು. ಫೋಟೋ ಅವನು ತಿರುಗಿಸಿದ್ದಕ್ಕಿಂತ ಚೆನ್ನಾಗಿ ಬಂತು. ನಾಲ್ಕು ವರ್ಷದ ಮಗುವೊಂದು ಕೇಳಿದ ತಕ್ಷಣ "ಬ್ಯಾಡ" ಎಂದಿತು. "ಅಂಕಲ್ ಮುಟ್ಟಿದ್ರೆ ಏನಾಗುತ್ತೋ?" ಎಂದು ಅದರ ಅಪ್ಪ ಗದರಲು ಹೋದ. ಗದ್ದಣ್ಣ ಎಂದೂ ಇಲ್ಲದ ಗಡಸು ದನಿಯಲ್ಲಿ, "ಅವನು ಬೇಡ ಅಂದ. ಬೇಡ ಅಂದ್ರೆ ಬೇಡ" ಎಂದ. ಮಗು ಗೆದ್ದ ಖುಷಿಯಲ್ಲಿ ಹಲ್ಲು ಕಿರಿಯಿತು, ಅಷ್ಟರಲ್ಲಿ ಅವನು ಕ್ಲಿಕ್ ಮಾಡಿಯೂ ಬಿಟ್ಟ.

ಮನೆಯಲ್ಲೂ ಅಭ್ಯಾಸ ಹತ್ತಿತು. ಒಂದು ಸಂಜೆ ತಂಗಿ ಮೆಟ್ಟಿಲ ಮೇಲೆ ಕೂತಿದ್ದಳು. ಅವನು ಎರಡು ಮೆಟ್ಟಿಲು ಕೆಳಗೆ ಕೂತ. "ತಲೆ ಸವರ್ಲಾ?" ಎಂದ. ಅವಳು ಯೋಚಿಸಿ, "ಇವತ್ತು ಬೇಡ" ಎಂದಳು. ಅವನು ಹೂಂ ಎಂದು ಅಲ್ಲೇ ಕೂತಿದ್ದ. ನಾಲ್ಕು ದಿನ ಬಿಟ್ಟು ಅವಳೇ ಬಂದು ಅವನ ತೋಳಿಗೆ ತಲೆ ಆನಿಸಿದಳು. ಗದ್ದಣ್ಣ ಉಸಿರು ಬಿಗಿಹಿಡಿದು ಕೂತ. ಕಾಲು ಜೋಮು ಹಿಡಿದರೂ ಅಲ್ಲಾಡಲಿಲ್ಲ.

*

ಇಷ್ಟೆಲ್ಲ ಒಳ್ಳೆಯ ನಡತೆಯ ನಡುವೆ ಒಂದು ದಿನ ಅವನ ತಲೆ ಕೆಟ್ಟಿತು. ನಾಲ್ಕನೆಯ ವಾರ ಆ ಸೂಪರ್‌ವೈಸರ್ ತಂಗಿಗೆ, "ರಜೆ ಯಾವಾಗ ಮುಗಿಯುತ್ತೆ? ಎಲ್ಲರೂ ಕೇಳ್ತಿದ್ದಾರೆ" ಎಂದು ಮೆಸೇಜು ಕಳಿಸಿದ್ದ, ಕೊನೆಗೊಂದು ನಗುವ ಮುಖ ಅಂಟಿಸಿ. ಅದನ್ನು ನೋಡಿದ ಮೇಲೆ ಅವಳು ಎರಡು ದಿನ ಅನ್ನ ಮುಟ್ಟಲಿಲ್ಲ. ಗದ್ದಣ್ಣ ಸ್ಟುಡಿಯೋಗೆ ಹೋಗಿ, ಇದ್ದುದರಲ್ಲಿ ಭಾರವಾದ ಸಾಮಾನೆಂದರೆ ಹಳೆಯ ಕಬ್ಬಿಣದ ಟ್ರೈಪಾಡು, ಅದನ್ನು ಹೆಗಲ ಮೇಲಿಟ್ಟುಕೊಂಡು ಲ್ಯಾಬಿನ ಕಡೆಗೆ ಹೋಗುವ ಬಸ್ಸು ಹತ್ತಿದ.

"ಇದಕ್ಕೂ ಸೀಟು ಬೇಕಾ? ಇದಕ್ಕೆ ನಮಗಿಂತ ಒಂದು ಕಾಲು ಜಾಸ್ತಿ ಇದೆ," ಎಂದ ಕಂಡಕ್ಟರ್.

ಮೂರನೆಯ ನಿಲ್ದಾಣದಲ್ಲಿ ಬಸ್ಸು ಗಕ್ಕನೆ ನಿಂತಾಗ ಟ್ರೈಪಾಡಿನ ಒಂದು ಕಾಲು ತಾನಾಗಿ ಬಿಚ್ಚಿಕೊಂಡು ಇಳಿಯುತ್ತಿದ್ದ ಅಜ್ಜಿಯೊಬ್ಬಳ ಚೀಲದ ಹಿಡಿಯೊಳಗೆ ತೂರಿಕೊಂಡಿತು. ಅಜ್ಜಿ ಇಳಿದಳು, ಚೀಲ ಇಳಿಯಿತು, ಟ್ರೈಪಾಡು ಇಳಿಯಿತು, ಅದನ್ನು ಬಿಡದೆ ಹಿಡಿದಿದ್ದ ಗದ್ದಣ್ಣನೂ ಇಳಿದ. ಬಸ್ಸು ಹೊರಟುಹೋಯಿತು.

"ಎಲ್ಲಿಗಪ್ಪಾ, ಫೋಟೋ ತೆಗೆಯೋಕೆ ಹೊರಟಿದ್ಯಾ?" ಅಜ್ಜಿ ಕೇಳಿದಳು.

"ಇಲ್ಲಮ್ಮ. ಒಬ್ಬನಿಗೆ ಹೊಡೆಯೋಕೆ."

"ಹೊಡೆದು?"

ಗದ್ದಣ್ಣ ಅಷ್ಟು ದೂರ ಯೋಚಿಸಿರಲಿಲ್ಲ. "ಗೊತ್ತಿಲ್ಲ," ಎಂದ.

"ಹಾಗಾದ್ರೆ ಅರ್ಜೆಂಟಿಲ್ಲ. ಈ ಚೀಲ ಮನೆ ತನಕ ತಂದುಕೊಡು. ಲಿಫ್ಟ್ ಕೆಟ್ಟಿದೆ."

ಅಜ್ಜಿಯ ಮನೆ ನಾಲ್ಕನೆಯ ಮಹಡಿಯಲ್ಲಿತ್ತು. ಚೀಲದ ತುಂಬ ಆಲೂಗಡ್ಡೆ. ಒಂದು ಕೈಯಲ್ಲಿ ಆಲೂಗಡ್ಡೆ, ಇನ್ನೊಂದರಲ್ಲಿ ಕಬ್ಬಿಣ ಹಿಡಿದು ಮೇಲೆ ಹತ್ತುವ ಹೊತ್ತಿಗೆ ಅವನ ಸಿಟ್ಟೆಲ್ಲ ಏದುಸಿರಾಗಿ ಹೊರಗೆ ಹೋಗಿತ್ತು. ಅಜ್ಜಿ ಕೊಟ್ಟ ನೀರು ಕುಡಿದು ಮುಂದಿನ ಬಸ್ಸಿಗೆ ಮನೆಗೆ ಬಂದ.

ಬಂದು ತಂಗಿಯ ಮುಂದೆ ತಪ್ಪೊಪ್ಪಿಕೊಂಡ. ಅವನು ಆಲೂಗಡ್ಡೆಯವರೆಗೆ ಬರುವಷ್ಟರಲ್ಲಿ ಅವಳ ತುಟಿ ಅದುರಿತು. "ಟ್ರೈಪಾಡಾ?" ಎಂದಳು. "ಅಣ್ಣ, ಟ್ರೈಪಾಡಾ?" ನಾಲ್ಕು ವಾರದಿಂದ ಕೇಳದ ನಗು ಅಡುಗೆಮನೆಯವರೆಗೆ ಕೇಳಿ ಮೇಡಂ ಸೌಟು ಹಿಡಿದುಕೊಂಡೇ ಓಡಿಬಂದಳು. ನಕ್ಕು ನಕ್ಕು ಕಣ್ಣೊರೆಸಿಕೊಂಡ ತಂಗಿ, ಮರುನಿಮಿಷ ಸಿಟ್ಟಾದಳು.

"ಹೋಗಬೇಡ ಅಂದಿದ್ದೆ. ನೀನು ಅವನಿಗೆ ಹೊಡೆದು ಜೈಲಿಗೆ ಹೋದ್ರೆ ಏನಾಗ್ತಿತ್ತು ಗೊತ್ತಾ? ಎಲ್ಲರೂ ನಿನ್ನ ಬಗ್ಗೆ ಮಾತಾಡ್ತಿದ್ರು. ಅಯ್ಯೋ ಪಾಪ ಗದ್ದಣ್ಣ ಅಂತ. ನಾನು ಡಬ್ಬಿ ಹಿಡ್ಕೊಂಡು ನಿನ್ನನ್ನ ನೋಡೋಕೆ ಬರಬೇಕಿತ್ತು. ನಡೆದದ್ದು ನನಗೆ ಅಣ್ಣ. ನಿನಗಲ್ಲ."

"ತಪ್ಪಾಯ್ತು ಮರಿ."

"ಇನ್ನೊಂದು ಸಲ ಹೀಗೆ ಮಾಡಿದ್ರೆ ನಿನಗೆ ಏನೂ ಹೇಳಲ್ಲ."

"ಮಾಡಲ್ಲ."

ಅವಳು ಸ್ವಲ್ಪ ಹೊತ್ತು ಉಗುರು ನೋಡಿಕೊಳ್ಳುತ್ತ ಕೂತಳು. "ಆದ್ರೆ ಆ ಮೆಸೇಜು ನೋಡಿದ ಮೇಲೆ ನನಗೂ ಸುಮ್ನಿರಬಾರದು ಅನ್ನಿಸ್ತಿದೆ," ಎಂದಳು. "ಕಂಪ್ಲೇಂಟ್ ಕೊಡ್ತೀನಿ. ಸೋಮವಾರ. ನೀನು ಬಾ. ಆದ್ರೆ ಮಾತಾಡೋದು ನಾನು."

*

ಠಾಣೆಯಲ್ಲಿ ಒಬ್ಬ ಮಹಿಳಾ ಅಧಿಕಾರಿಯೂ, ಕಂಪ್ಯೂಟರಿನ ಮುಂದೆ ಒಬ್ಬ ಗುಮಾಸ್ತನೂ ಇದ್ದರು. ಗುಮಾಸ್ತ ಒಂದೇ ಬೆರಳಲ್ಲಿ ಟೈಪು ಮಾಡುವವನು. ಅವನು ಪ್ರಶ್ನೆ ಕೇಳಿದಾಗಲೆಲ್ಲ ಗದ್ದಣ್ಣನ ಮುಖ ನೋಡುತ್ತಿದ್ದ.

"ವಯಸ್ಸೆಷ್ಟು ಇವರದ್ದು?"

"ಅವಳನ್ನೇ ಕೇಳಿ," ಎಂದ ಗದ್ದಣ್ಣ.

"ಎಲ್ಲಿ ಕೆಲಸ?"

"ಅವಳನ್ನೇ ಕೇಳಿ."

"ಮತ್ತೆ ನೀವ್ಯಾರು?"

"ಅಣ್ಣ. ಸುಮ್ಮನೆ ಕೂರೋಕೆ ಬಂದಿದ್ದೀನಿ."

ಗುಮಾಸ್ತ ಅಷ್ಟಕ್ಕೆ ಬಿಟ್ಟಿದ್ದರೆ ಚೆನ್ನಾಗಿತ್ತು. ಅರ್ಧ ಪುಟವಾದ ಮೇಲೆ ತಲೆ ಎತ್ತಿ, "ಐದು ವಾರ ಆಯ್ತಲ್ಲಮ್ಮ, ಇಷ್ಟು ದಿನ ಏನ್ ಮಾಡ್ತಿದ್ರಿ?" ಎಂದ. ಗದ್ದಣ್ಣನ ಕುರ್ಚಿ ಕಿರ್ರೆಂದಿತು. ಅವನು ಎದ್ದು ನಿಂತಿದ್ದ. ಬಾಯಿ ತೆರೆದಿತ್ತು, ಹೇಳಬೇಕಾದದ್ದು ನಾಲಿಗೆಯ ತುದಿಯಲ್ಲಿ ಸಾಲುಗಟ್ಟಿ ನಿಂತಿತ್ತು. ತಂಗಿ ಅವನ ಕಡೆ ನೋಡಿದಳು. ಅವನು ಬಾಯಿ ಮುಚ್ಚಿ ಕೂತ. ಕೂತು ತನ್ನ ಮೊಣಕಾಲನ್ನು ತಾನೇ ಗಟ್ಟಿಯಾಗಿ ಹಿಡಿದುಕೊಂಡ.

"ಹೇಳೋಕೆ ಧೈರ್ಯ ಬರೋಕೆ ಐದು ವಾರ ಹಿಡೀತು," ಎಂದಳು ತಂಗಿ. ಚೀಲದಿಂದ ಕಾಗದವನ್ನೂ ಫೋನನ್ನೂ ತೆಗೆದು ಮೇಜಿನ ಮೇಲಿಟ್ಟಳು. "ಡಾಕ್ಟರು ಮಾರನೇ ದಿನವೇ ಬರೆದಿಟ್ಟಿದ್ದಾರೆ, ಆ ಕಾಗದ ಇಲ್ಲಿದೆ. ಅವನು ಕಳಿಸಿದ ಮೆಸೇಜ್ ಇಲ್ಲಿದೆ. ಇನ್ನೇನು ಬೇಕು ಕೇಳಿ, ಹೇಳ್ತೀನಿ. ಇಷ್ಟು ದಿನ ಏನ್ ಮಾಡ್ತಿದ್ದೆ ಅನ್ನೋದು ಬೇಕಾದ್ರೆ ಬರ್ಕೊಳ್ಳಿ: ಕಪಾಟು ಒರೆಸ್ತಿದ್ದೆ."

ಅಧಿಕಾರಿ ಗುಮಾಸ್ತನನ್ನು ಎಬ್ಬಿಸಿ ತಾನೇ ಕಂಪ್ಯೂಟರಿನ ಮುಂದೆ ಕೂತಳು. "ಆ ಪ್ರಶ್ನೆ ಬೇಡ. ನೀವು ಹೇಳಿ, ಆರಾಮಾಗಿ," ಎಂದಳು. ಎರಡೂವರೆ ಗಂಟೆ ಹಿಡಿಯಿತು. ನಡುವೆ ಅಧಿಕಾರಿ ಅಣ್ಣ ಹೊರಗೆ ಹೋಗಬೇಕೇ ಎಂದು ತಂಗಿಯನ್ನು ಕೇಳಿದಳು; ಸ್ವಲ್ಪ ಹೊತ್ತು ಹೋಗಲಿ ಎಂದಳು ತಂಗಿ. ಗದ್ದಣ್ಣ ಹೊರಗಿನ ಬೆಂಚಿನ ಮೇಲೆ ಗುಮಾಸ್ತನ ಪಕ್ಕದಲ್ಲೇ ಕೂತ. ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಆಮೇಲಿನದು ನಿಧಾನದ ಕೆಲಸ. ಸೂಪರ್‌ವೈಸರನ್ನು ಹಿಡಿದರು, ಜಾಮೀನಿನ ಮೇಲೆ ಬಿಟ್ಟರು. ಲ್ಯಾಬಿನ ಮಾಲೀಕ ಮೊದಲು ನಂಬಲಿಲ್ಲ. ಅಲ್ಲಿ ನೆಲ ಒರೆಸುತ್ತಿದ್ದ ಹೆಂಗಸು ಬಂದು, ಎರಡು ವರ್ಷದ ಹಿಂದೆ ತನಗೂ ಅದೇ ಕೋಣೆಯಲ್ಲಿ ಸೂಪರ್‌ವೈಸರ್ ಹಾಗೇ ಮಾಡಿದ್ದನೆಂದು ಹೇಳಿಕೆ ಕೊಟ್ಟ ಮೇಲೆ ಮಾಲೀಕ ಅವನನ್ನು ಕೆಲಸದಿಂದ ತೆಗೆದ. ತಂಗಿ ಮಾತ್ರ ಆ ಲ್ಯಾಬಿಗೆ ಮತ್ತೆ ಕಾಲಿಡಲಿಲ್ಲ. ನದಿಯ ಆಚೆ ಬೇರೊಂದು ಲ್ಯಾಬಿನಲ್ಲಿ ಕಿಟಕಿ ಪಕ್ಕದ ಮೇಜು ಕೇಳಿ ಪಡೆದಳು. ಕೆಲವು ದಿನ ಈಗಲೂ ಕೋಣೆ ಬಿಟ್ಟು ಬರುವುದಿಲ್ಲ. ಅಂಥ ದಿನ ಮೇಡಂ ಊಟದ ತಟ್ಟೆಯನ್ನು ಬಾಗಿಲ ಹೊರಗೆ ಇಟ್ಟು, ಒಮ್ಮೆ ಮಾತ್ರ ಬಾಗಿಲು ತಟ್ಟಿ ಬರುತ್ತಾಳೆ.

ಕೋರ್ಟಿನಲ್ಲಿ ಮೊದಲ ತಾರೀಕಿಗೆ ಮೂವರೂ ರಜೆ ಹಾಕಿ ಹೋದರು. ನ್ಯಾಯಾಧೀಶರಿಗೆ ಜ್ವರ, ಕೇಸು ಮುಂದಕ್ಕೆ ಹೋಯಿತು. ಜಗಲಿಯ ಬೆಂಚಿನ ಮೇಲೆ ಕೂತು ಊಟದ ಡಬ್ಬಿ ಬಿಚ್ಚಿದರು. ತಂಗಿ ತನ್ನದನ್ನು ಮುಗಿಸಿ ಅಣ್ಣನ ಡಬ್ಬಿಗೂ ಕೈ ಹಾಕಿದಳು.

"ಮುಂದಿನ ತಾರೀಕಿಗೆ ನೀನು ಬರಬೇಡ ಅಣ್ಣ," ಎಂದಳು ಬಾಯಿ ತುಂಬಿಕೊಂಡು. "ನೆಲ ಒರೆಸ್ತಿದ್ದ ಅಕ್ಕನೂ ನಾನೂ ಒಟ್ಟಿಗೆ ಬರ್ತೀವಿ ಅಂತ ಮಾತಾಡ್ಕೊಂಡಿದ್ದೀವಿ."

ಗದ್ದಣ್ಣನ ಮುಖ ಸಪ್ಪಗಾಯಿತು. "ನಾನು ಹೊರಗೆ ನಿಂತಿರ್ತೀನಿ. ಗೇಟಿನ ಹತ್ರ. ಬೇಕಾದ್ರೆ ಎದುರು ಅಂಗಡಿ ಹತ್ರ."

"ಬೇಡ ಅಣ್ಣ."

"ಬಸ್ಸಲ್ಲಿ ಮಾತ್ರ..."

"ರೀ," ಎಂದಳು ಮೇಡಂ.

ಗದ್ದಣ್ಣ ಎದುರಿನ ಗೋಡೆ ನೋಡಿದ. "ಸರಿ," ಎಂದ.

"ನಿಜವಾಗ್ಲೂ?"

"ನಿಜವಾಗ್ಲೂ. ಆದ್ರೆ ನನ್ನ ಡಬ್ಬೀಲಿ ಒಂದು ತುತ್ತಾದ್ರೂ ಉಳಿಸು ಮಾರಾಯ್ತಿ, ಬೆಳಿಗ್ಗೆಯಿಂದ ಏನೂ ತಿಂದಿಲ್ಲ."

ತಂಗಿ ಡಬ್ಬಿಯೊಳಗೆ ಬಗ್ಗಿ ನೋಡಿದಳು. ಒಂದು ತುತ್ತೂ ಉಳಿದಿರಲಿಲ್ಲ.